ಎರಡು ಹನ್ನೊಂದಕ್ಕೆ ಗುಂಡಿ ಒತ್ತಿದವನು

ಅಪ್ಪಾ,

ಒಂದೇ ಸೂರಿನ ಕೆಳಗಿರುವ ಮಗ ಅಪ್ಪನಿಗೆ ಕಾಗದ ಬರೆಯುವುದೇ ಒಂದು ನಗೆಪಾಟಲು. ನಮ್ಮಿಬ್ಬರ ಕೋಣೆಗಳ ನಡುವೆ ಹದಿನಾಲ್ಕು ಹೆಜ್ಜೆ. ಅಷ್ಟು ನಡೆಯಲು ನನಗೆ ಎಂಟು ತಿಂಗಳಾದರೂ ಆಗಲಿಲ್ಲ. ಸೋಮವಾರ ನೀವು ಅಮ್ಮನನ್ನು ಇಲ್ಲೇ ಬಿಟ್ಟು ಅಕ್ಕನ ಮನೆಗೆ ಹೊರಡುತ್ತೀರಿ. ಅಷ್ಟರೊಳಗೆ ಹೇಳಲೇಬೇಕು. ಪೀಠಿಕೆ ಹಾಕಲು ಬಿಟ್ಟರೆ ನಾನು ಪೀಠಿಕೆಯೊಳಗೇ ಬಚ್ಚಿಟ್ಟುಕೊಳ್ಳುವ ಆಸಾಮಿ ಎಂದು ನಿಮಗೆ ಗೊತ್ತು. ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ: ಆ ಮಧ್ಯಾಹ್ನ ಗ್ಯಾರೇಜಿನಲ್ಲಿ ಕಾರನ್ನು ಆನ್ ಮಾಡಿ ಬಿಟ್ಟುಹೋದವರು ನೀವಲ್ಲ. ನಾನು. ಅಮ್ಮನಿಗೆ ಆದದ್ದು ನನ್ನಿಂದ.

ಹೇಳಿಯಾಯಿತು. ಇನ್ನು ಹೇಗೆ ಆಯಿತು ಎಂಬುದನ್ನೂ ಹೇಳಬೇಕು. ಇಲ್ಲದಿದ್ದರೆ ನಿಮ್ಮ ಸಮಾಧಾನಕ್ಕೆ ಮಗ ಕಟ್ಟಿದ ಕತೆ ಇದು ಎಂದುಕೊಂಡುಬಿಡುತ್ತೀರಿ.

ಆ ಕಾರನ್ನು ತಂದ ದಿನ ನಮ್ಮಿಬ್ಬರಿಗೂ ಎಷ್ಟು ವಾದವಾಗಿತ್ತು. ನಾನು ಕರೆಂಟಿನದೇ ಬೇಕೆಂದೆ. ಮೂವತ್ತಾರು ವರ್ಷ ಬಸ್ಸು ಓಡಿಸಿದ ನೀವು ಎಂಜಿನ್ ಇಲ್ಲದ್ದನ್ನು ಗಾಡಿ ಎಂದು ಒಪ್ಪುವುದಿಲ್ಲ ಎಂದಿರಿ. ಕೊನೆಗೆ ಇಬ್ಬರ ಮಾತೂ ಉಳಿಯಲೆಂದು ಆರು ಜನರ ಮನೆಗೆ ಏಳು ಸೀಟಿನ ಈ ಹೈಬ್ರಿಡ್ ಬಂತು. ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿ ಚಾರ್ಜ್ ಮಾಡಿದರೆ ಐವತ್ತು ಕಿಲೋಮೀಟರ್ ಸದ್ದಿಲ್ಲದೆ ಓಡುತ್ತದೆ, ಬ್ಯಾಟರಿ ಮುಗಿಯಿತೋ ಪೆಟ್ರೋಲ್ ಎಂಜಿನ್ ಯಾರೂ ಹೇಳದೆ ತಾನೇ ಎದ್ದು ಕೂರುತ್ತದೆ ಎಂದು ನಾನು ಕಾಲೇಜಿನಲ್ಲಿ ಪಾಠ ಮಾಡುವ ಹಾಗೆ ವಿವರಿಸಿದೆ. ನೀವು ಪೂರ್ತಿ ಕೇಳಿ, "ಮೇಷ್ಟ್ರೇ, ನಿಮ್ಮ ವಿದ್ವತ್ತು, ಅದರ ವಿದ್ಯುತ್ತು ಎರಡೂ ಯಾವಾಗ ಕೈಕೊಡ್ತವೋ ಹೇಳಕ್ಕಾಗಲ್ಲ. ಟ್ಯಾಂಕ್ ಒಂದು ತುಂಬಿಸಿಡಿ" ಎಂದಿರಿ. ಅದು ಹಿಂದಿನಿಂದ ಸುಳಿವು ಕೊಡದೆ ಬಂದು ಅಮ್ಮನ ಸೀರೆ ಸೆರಗಿಗೆ ಮೂಗು ತಾಗಿಸಿ ನಿಂತ ದಿನ ಅದಕ್ಕೆ ಕಳ್ಳಬೆಕ್ಕು ಎಂದು ಹೆಸರಿಟ್ಟವರೂ ನೀವೇ.

ಆದರೂ ಒಗ್ಗಿಕೊಂಡಿರಿ. ದಿನಾ ಸಂಜೆ "ಇವತ್ತು ಚಾರ್ಜ್ ಯಾರದ್ದಪ್ಪಾ?" ಎಂದು ಡಿಪೋ ದನಿಯಲ್ಲಿ ಕೇಳುತ್ತಿದ್ದಿರಿ. ಹಿಂದಿನ ಸಾಲಿನ ಪುಟ್ಟ ಸೀಟುಗಳಿಗಾಗಿ ನಿಮ್ಮ ಮೊಮ್ಮಕ್ಕಳು ಜಡೆ ಹಿಡಿದು ಜಗಳವಾಡಿದರೆ ಕಂಡಕ್ಟರನ ಹಾಗೆ ಸೀಟು ಹಂಚುತ್ತಿದ್ದಿರಿ. ಹುಚ್ಚು ಹಿಡಿದದ್ದು ನನಗೆ. ಒಂದು ಹನಿ ಪೆಟ್ರೋಲ್ ಸುಡದೆ ಎಷ್ಟು ದಿನ ಓಡಿಸಬಹುದು ಎಂಬ ಹುಚ್ಚು. ಅಮ್ಮನ ಹೊಲಿಗೆಯ ಸೀಮೆಸುಣ್ಣದಿಂದ ಗ್ಯಾರೇಜಿನ ಗೋಡೆಯ ಮೇಲೆ ದಿನಕ್ಕೊಂದು ಗೀಟು ಎಳೆಯುತ್ತಿದ್ದೆ. ಜೈಲಿನ ಕೈದಿ ಎಂದು ನಿಮ್ಮ ಸೊಸೆ ಆಡಿಕೊಳ್ಳುತ್ತಿದ್ದಳು.

ಇನ್ನೊಂದನ್ನೂ ಇಲ್ಲಿ ಒಪ್ಪಿಕೊಳ್ಳಬೇಕು. ನೀವು ಎರಡು ಸಲ ಕಾರನ್ನು ಆಫ್ ಮಾಡಲು ಮರೆತಿರಿ. ಸದ್ದಿಲ್ಲದ್ದು ನಿಂತಿದೆ ಎಂದುಕೊಳ್ಳುವುದು ಬಸ್ಸಿನ ಕಿವಿಗೆ ಸಹಜ. ಎರಡು ಸಲವೂ ಐದೇ ನಿಮಿಷದಲ್ಲಿ ಗೊತ್ತಾಯಿತು, ಏನೂ ಕೆಡಲಿಲ್ಲ. ಆದರೆ ನಾನು ಸುಮ್ಮನಿರುವ ಗಿರಾಕಿಯೇ? ಪತ್ರಿಕೆಯ ನನ್ನ ನಗೆಬರಹದಲ್ಲಿ ಅದನ್ನು ಹಾಕಿದೆ. ಕಾರಿನ ಬಾನೆಟ್ಟಿಗೆ ಕಿವಿಕೊಟ್ಟು "ಸತ್ತಿದೆಯಾ, ಬದುಕಿದೆಯಾ?" ಎಂದು ಕೇಳುವ ಮುದುಕ. ಬೀದಿಯವರೆಲ್ಲ ಓದಿ ನಕ್ಕರು. ನೀವೂ ನಕ್ಕಿರಿ, ನಾಲ್ಕು ಪ್ರತಿ ಕೊಂಡು ನಿಮ್ಮ ಹಳೇ ಡ್ರೈವರ್ ಗೆಳೆಯರಿಗೆ ಹಂಚಿದಿರಿ. ನಿಮ್ಮನ್ನು ಮರೆಗುಳಿಯೆಂದು ಊರಿಗೆಲ್ಲ ಮುಂಚೆಯೇ ಸಾರಿಟ್ಟವನು ನಾನು. ಹಾಗಾಗಿ ಆ ದಿನ ಯಾರಿಗೂ ಎರಡನೇ ಸಲ ಯೋಚಿಸಬೇಕು ಅನ್ನಿಸಲಿಲ್ಲ.

ಆ ದಿನ ಬೆಳಗ್ಗೆ ನೀವು ಅಮ್ಮನನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ದು ಹನ್ನೆರಡಕ್ಕೆ ಮೊದಲೇ ಬಂದು ಕಾರು ನಿಲ್ಲಿಸಿದಿರಿ. ಆಫ್ ಮಾಡಿಯೇ ಇಳಿದಿರಿ. ನಾನು ಎರಡು ಗಂಟೆ ಕಳೆದ ಮೇಲೆ ಕಾಲೇಜಿನಿಂದ ಬಂದವನು ಚಾರ್ಜಿಗೆ ಹಾಕೋಣವೆಂದು ಗ್ಯಾರೇಜಿಗೆ ಹೋದೆ. ಗೀಟು ಎಳೆಯುವ ಮುಂಚೆ ಪೆಟ್ರೋಲ್ ಮುಟ್ಟಿಲ್ಲ ತಾನೇ ಎಂದು ನೋಡಬೇಕಿತ್ತು. ಒಳಗೆ ಕೂತು ಗುಂಡಿ ಒತ್ತಿದೆ. ಎಸಿ ತಣ್ಣಗೆ ಬೀಸಿತು. ಬ್ಯಾಟರಿ ತಳಮುಟ್ಟುತ್ತಿತ್ತು. ಅಷ್ಟರಲ್ಲಿ ಪತ್ರಿಕೆಯ ಸಂಪಾದಕರ ಫೋನು, ಬರಹ ಇನ್ನೂ ಬಂದಿಲ್ಲವೆಂದು. ನಾನು ಏನೋ ಚಟಾಕಿ ಹಾರಿಸಿದೆ, ಅವರು ನಕ್ಕರು, ಅವರ ನಗುವಿಗೆ ನಾನು ಹಿಗ್ಗಿದೆ. ಹಾಗೇ ಮಾತಾಡುತ್ತ, ಪ್ಲಗ್ಗೂ ಸಿಕ್ಕಿಸದೆ ಇಳಿದೆ, ಧೂಳೆಂದು ಶಟರ್ ಎಳೆದೆ, ಒಳಬಾಗಿಲಿನಿಂದ ಮನೆಯೊಳಗೆ ಬಂದೆ. ಬೆನ್ನ ಹಿಂದೆ ಮೂರು ಸಲ ಕೀಂ ಕೀಂ ಎಂದಿತು. ಬಟ್ಟೆ ಒಗೆಯುವ ಮೆಷಿನ್ನಿನ ಸದ್ದು ಅಂದುಕೊಂಡೆ. ಮಹಡಿ ಹತ್ತಿ, ಬಾಗಿಲು ಹಾಕಿಕೊಂಡು, ಜನರನ್ನು ನಗಿಸಲು ಕೂತೆ.

ಕೆಳಗೆ ಅಮ್ಮ ಹೊಲಿಗೆ ಕೋಣೆಯ ಮಂಚದಲ್ಲಿ ಮಲಗಿದ್ದಳು. ಆ ಕೋಣೆಗೂ ಗ್ಯಾರೇಜಿಗೂ ನಡುವೆ ಇರುವುದು ಒಂದು ಗೋಡೆ, ಗೋಡೆಯಲ್ಲೊಂದು ಜಾಲರಿ ಕಿಂಡಿ. ಬ್ಯಾಟರಿ ಮುಗಿದ ತಕ್ಷಣ, ನಾನು ನಿಮಗೆ ಹೆಮ್ಮೆಯಿಂದ ಪಾಠ ಮಾಡಿದ ಹಾಗೆಯೇ, ಎಂಜಿನ್ ಯಾರೂ ಹೇಳದೆ ತಾನೇ ಎದ್ದು ಕೂತಿತು. ಮುಚ್ಚಿದ ಶಟರಿನ ಹಿಂದೆ ಎಷ್ಟು ಹೊತ್ತು ಓಡಿತೋ.

ನೀವು ಕ್ಷೌರದಂಗಡಿಯಿಂದ ಬರುತ್ತಿದ್ದಿರಿ. ಗೇಟಿನ ಹತ್ತಿರ ಬಂದಾಗ ಎಂಜಿನ್ ಕೇಳಿಸಿತು, ನಿಮಗೆ ಮಾತ್ರ. ನಿಮ್ಮ ಕೂಗು ಕೇಳಿ ನಾನು ಕೆಳಗೆ ಓಡಿ ಬರುವಷ್ಟರಲ್ಲಿ ಶಟರ್ ಎತ್ತಿ, ಕಾರು ಆಫ್ ಮಾಡಿ, ಎಪ್ಪತ್ತೆರಡರ ನೀವು ಅಮ್ಮನನ್ನು ಎರಡು ಕೈಯಲ್ಲಿ ಎತ್ತಿಕೊಂಡು ಅಂಗಳಕ್ಕೆ ಬಂದಿದ್ದಿರಿ. ಕುತ್ತಿಗೆಯಲ್ಲಿ ಪೌಡರು ಹಾಗೇ ಇತ್ತು, ಒಂದು ಕಾಲಿನ ಚಪ್ಪಲಿ ರಸ್ತೆಯಲ್ಲೇ ಉಳಿದಿತ್ತು. ಇನ್ನರ್ಧ ಗಂಟೆ ತಡವಾಗಿದ್ದರೆ ಉಳಿಯುತ್ತಿರಲಿಲ್ಲ ಎಂದು ಡಾಕ್ಟರು ಆಮೇಲೆ ಹೇಳಿದರು. ಕಿಂಡಿಯಿಂದ ಒಳಗೆ ಬಂದ ಎಂಜಿನ್ನಿನ ಹೊಗೆಯಲ್ಲಿದ್ದದ್ದು ವಾಸನೆಯಿಲ್ಲದ ವಿಷವಂತೆ, ಮಲಗಿದವರು ಏಳುವುದೇ ಇಲ್ಲವಂತೆ.

ಕಾರು ಕೊನೆಗೆ ಯಾರ ಕೈಯಲ್ಲಿತ್ತು ಎಂದು ಆಸ್ಪತ್ರೆಯ ಬೆಂಚಿನ ಮೇಲೆ ಅಕ್ಕ ಕೇಳಿದಳು. ನೀವು ನನ್ನ ಕಡೆ ನೋಡಲೂ ಇಲ್ಲ. "ನಾನೇ ಕಣಮ್ಮ. ಬೆಳಗ್ಗೆ ತಂದು ನಿಲ್ಲಿಸ್ದೆ. ಆಫ್ ಮಾಡಿದೀನಿ ಅಂದ್ಕೊಂಡೆ. ಈಗ ಅದೂ ನೆನಪಾಗ್ತಿಲ್ಲ" ಎಂದಿರಿ. ನಾನು ಪಕ್ಕದಲ್ಲೇ ನೀರಿನ ಬಾಟಲಿ ಹಿಡಿದು ನಿಂತಿದ್ದೆ. ಅದರ ಮುಚ್ಚಳ ತೆಗೆದೆ, ಮತ್ತೆ ಹಾಕಿದೆ. ಅಷ್ಟೇ. ಮೂರು ವರ್ಷ ಆ ಕಾರಿನ ಜೊತೆಗಿದ್ದು ಸದ್ದಿಲ್ಲದೆ ಜಾರಿಕೊಳ್ಳುವುದನ್ನು ನಾನೂ ಕಲಿತಿದ್ದೆ.

ಗೊತ್ತಿಲ್ಲದೆ ಸುಮ್ಮನಿದ್ದೆ ಎಂದೂ ಹೇಳುವ ಹಾಗಿಲ್ಲ. ಕಾರಿನ ಆ್ಯಪ್ ನನ್ನ ಫೋನಿನಲ್ಲಿ ಮಾತ್ರ ಇದೆ. ಅದೇ ಸಂಜೆ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ತೆರೆದು ನೋಡಿದೆ. ಹನ್ನೊಂದು ಐವತ್ತೆರಡಕ್ಕೆ ಆಫ್. ಅದು ನೀವು. ಎರಡು ಹನ್ನೊಂದಕ್ಕೆ ಆನ್. ಅದು ನಾನು. ನಾಲ್ಕು ಆರಕ್ಕೆ ಆಫ್. ಅದು ಮತ್ತೆ ನೀವು. ಅಮ್ಮ ಮನೆಗೆ ಬರಲಿ, ಆಮೇಲೆ ಹೇಳೋಣ ಎಂದುಕೊಂಡೆ. ಐದು ದಿನಕ್ಕೆ ಬಂದಳು. ಅವಳ ಕೈ ನಡುಗುವುದು ನಿಲ್ಲಲಿ ಎಂದುಕೊಂಡೆ. ಅದು ನಿಲ್ಲಲೇ ಇಲ್ಲ. ಇಡೀ ಬೀದಿಗೆ ರವಿಕೆ ಹೊಲಿದುಕೊಟ್ಟವಳಿಗೆ ಈಗ ಸೂಜಿಗೆ ದಾರ ಪೋಣಿಸಲು ಮೊಮ್ಮಗಳು ಬೇಕು. ಮಾತಿನ ಮಧ್ಯೆ ನಿಂತು, ಏನು ಹೇಳುತ್ತಿದ್ದೆನೆಂದು ನಮ್ಮ ಮುಖ ನೋಡುತ್ತಾಳೆ.

ಆಗ ನಿಮ್ಮ ಕಡೆ ನೋಡಲಾಗುವುದಿಲ್ಲ ನನಗೆ. ಅದಾದ ಮೇಲೆ ನೀವು ಕಾರಿನ ಕೀಲಿ ಮೇಜಿನ ಮೇಲಿಟ್ಟು ಲೈಸೆನ್ಸ್ ನನ್ನ ಕೈಗೆ ಕೊಟ್ಟಿರಿ. ಇಸಿದುಕೊಂಡೆ, ಅಪ್ಪಾ. ನಾಚಿಕೆಯಿಲ್ಲದೆ ಇಸಿದುಕೊಂಡೆ. ಈಗ ದಿನಕ್ಕೆ ಐದಾರು ಸಲ ಗ್ಯಾರೇಜಿಗೆ ಹೋಗಿ ಬಾನೆಟ್ಟಿನ ಮೇಲೆ ಅಂಗೈಯಿಟ್ಟು ತಣ್ಣಗಿದೆಯೇ ಎಂದು ನೋಡುತ್ತೀರಿ. ಕಾರು ನಾನು ಕಾಲೇಜಿಗೆ ಒಯ್ದಿರುವಾಗಲೂ ಹೋಗಿ, ಖಾಲಿ ಜಾಗ ನೋಡಿ ಬರುತ್ತೀರಂತೆ, ನಿಮ್ಮ ಸೊಸೆ ಹೇಳಿದಳು. ಕಳೆದ ಭಾನುವಾರ ಎಲ್ಲರೆದುರು ಹೇಳಿದಿರಿ, "ಮಗಳ ಮನೆಗೆ ಹೋಗಿಬಿಡ್ತೀನಿ. ನಾನು ದೂರ ಇದ್ರೇನೇ ಇವಳಿಗೆ ಕ್ಷೇಮ." ಅಮ್ಮ ಏನೋ ಹೇಳಲು ಹೋಗಿ ಅರ್ಧಕ್ಕೆ ನಿಂತಳು.

ಇವತ್ತು ಬೆಳಗ್ಗೆ ನೀವು ವಾಕಿಂಗ್ ಹೋದಾಗ ಮೊದಲು ಅವಳಿಗೆ ಹೇಳಿದೆ. ಮೊದಲು ಅವಳಿಗೇ ಯಾಕೆಂದರೆ ಅವಳು ಬೈಯುವುದಿಲ್ಲ. ಹೇಡಿಗೆ ಯಾವಾಗಲೂ ಇಳಿಜಾರಿನ ದಾರಿಯೇ ಸಲೀಸು. ಅವಳು ಮಡಿಲಲ್ಲಿದ್ದ ರವಿಕೆಯನ್ನು ಮಡಿಸಿದಳು, ಬಿಡಿಸಿದಳು, ಮತ್ತೆ ಮಡಿಸಿದಳು. ಎಲ್ಲಿ ಮರೆತಳೋ ಎಂದು ಹೆದರಿದೆ. ಮರೆತಿರಲಿಲ್ಲ. "ಎಂಟು ತಿಂಗಳಿಂದ ಅವರು ನನ್ನ ಜೊತೆ ಕೂತು ಊಟ ಮಾಡಿಲ್ಲ ಕಣೋ. ನಾನೇ ಏನೋ ತಪ್ಪು ಮಾಡಿರ್ಬೇಕು, ನಂಗೆ ನೆನಪಿಲ್ಲ ಅಂದ್ಕೊಂಡಿದ್ದೆ" ಎಂದಳು. ಮತ್ತೆ, "ನಂಗೆ ಹೇಳಿ ಏನು ಬಂತು? ಅವರಿಗೆ ಹೇಳು ಹೋಗು" ಎಂದಳು. ಬೈದಿದ್ದರೆ ಚೆನ್ನಾಗಿತ್ತು.

ಇದನ್ನು ಸ್ಟಾಫ್ ರೂಮಿನಲ್ಲಿ ಕೂತು ಬರೆಯುತ್ತಿದ್ದೇನೆ. ಆ್ಯಪಿನ ಆ ದಿನದ ಹಾಳೆಯನ್ನು ಅಚ್ಚು ಹಾಕಿಸಿ ಜೊತೆಗಿಟ್ಟಿದ್ದೇನೆ. ಅದರ ಪ್ರತಿಯನ್ನು ಅಕ್ಕನಿಗೂ ನಿಮ್ಮ ಸೊಸೆಗೂ ಈಗಾಗಲೇ ಕಳಿಸಿಯಾಗಿದೆ. ಯಾಕೆಂದರೆ ನಿಮ್ಮನ್ನು ನಾನು ಬಲ್ಲೆ. ಓದಿ, ಕಾಗದ ಹರಿದು, "ಹೋಗ್ಲಿ ಬಿಡು, ಯಾರಿಗೂ ಹೇಳ್ಬೇಡ" ಎಂದು ಎಲ್ಲವನ್ನೂ ನೀವೇ ಹೊತ್ತುಕೊಂಡು ಹೊರಟುಬಿಡುತ್ತೀರಿ. ಆ ದಾರಿಯನ್ನು ಮುಚ್ಚಿದ್ದೇನೆ. ನನಗೂ ಇನ್ನು ಹಿಂದೆ ಸರಿಯಲು ಜಾಗವಿಲ್ಲ.

ಕ್ಷಮಿಸಿ ಎಂದು ಬರೆದು ಎರಡು ಸಲ ಹೊಡೆದುಹಾಕಿದೆ. ಅಮ್ಮನ ಬೆರಳು ನೆಟ್ಟಗಾಗುವವರೆಗೆ ಆ ಪದ ನನಗೆ ದಕ್ಕುವುದಿಲ್ಲ. ಸೋಮವಾರ ಹೋಗಲೇಬೇಕು ಅನ್ನಿಸಿದರೆ ಹೋಗಿ, ತಡೆಯುವ ಯೋಗ್ಯತೆ ನನಗಿಲ್ಲ. ಆದರೆ ನನ್ನ ಮೇಲಿನ ಸಿಟ್ಟಿಗೆ ಹೋಗಿ, ನಿಮ್ಮ ಮೇಲಿನ ಸಿಟ್ಟಿಗೆ ಬೇಡ. ಹೋಗುವುದಾದರೆ ಅಮ್ಮನನ್ನು ಒಂದು ಮಾತು ಕೇಳಿ. ಬರುತ್ತೇನೆ ಎಂದರೆ ಕರೆದುಕೊಂಡು ಹೋಗಿ.

ಕಾಗದವನ್ನು ಕಾಲೇಜಿನ ಜವಾನನ ಕೈಲಿ ಮನೆಗೆ ಕಳಿಸುತ್ತೇನೆ, ನಿಮ್ಮ ಸೊಸೆ ಮಧ್ಯಾಹ್ನ ನಿಮ್ಮ ಕೈಗೆ ಕೊಡುತ್ತಾಳೆ. ಆಗ ಅಮ್ಮ ಎರಡು ತಟ್ಟೆ ಹಾಕಿ ಕಾಯುತ್ತಿರುತ್ತಾಳೆ. ನಾನು ಸಂಜೆ ಬರುತ್ತೇನೆ, ನಡೆದುಕೊಂಡು. ಹಜಾರದಲ್ಲಿ ನಿಮ್ಮೆದುರು ನಿಲ್ಲುತ್ತೇನೆ. ಏನು ಅನ್ನಬೇಕೋ ಅನ್ನಿ.

ನಿಮ್ಮಿಬ್ಬರಿಗೂ ಇವತ್ತಿನ ಊಟ ಮೈಗೆ ಹತ್ತಲಿ.

ಆಶೀರ್ವಾದ ಕೇಳುವ ಮುಖವಿಲ್ಲದೆ, ಬೈಗುಳಕ್ಕೆ ಕಾದಿರುವ
ನಿಮ್ಮ ಮಗ