ಜಾಜ್ ಡಬ್ಬಿಗಳಿಗೆ ನಿಮ್ಮ ನೆಲಮನೆ

ಚಿತ್ತಾಪುರ
೩೦ ಮಾರ್ಚ್ ೧೯೪೬, ಶನಿವಾರ

ಪ್ರೀತಿಯ ಅತ್ತೆಯವರಿಗೆ,

‘ತೀರ್ಥರೂಪ’ ಎಂದು ಆರಂಭಿಸಬೇಕಂತೆ, ನಿಮ್ಮ ಮಗ ನನ್ನ ಬೆನ್ನ ಹಿಂದೆ ನಿಂತು ತಿದ್ದುತ್ತಿದ್ದಾರೆ. ಸಿಕಂದರಾಬಾದಿನ ನಮ್ಮ ಇಂಗ್ಲಿಷ್ ಶಾಲೆಯಲ್ಲಿ ಪ್ರೀತಿ ಇದ್ದವರಿಗೆ ಹಾಗೆಯೇ ಬರೆಯಬೇಕೆಂದು ಕಲಿಸಿದ್ದಾರೆ, ನಾನೇನು ಮಾಡಲಿ? ನಮಸ್ಕಾರಗಳನ್ನೂ ಪ್ರೀತಿಯನ್ನೂ ಒಟ್ಟಿಗೇ ಕಳಿಸಿದ್ದೇನೆ. ನಿಮ್ಮ ಮೊಣಕಾಲು ಹೇಗಿದೆ? ಚಿಂಚೋಳಿಯಿಂದ ಐನಾಪುರದ ತನಕ ಎತ್ತಿನ ಗಾಡಿಯಲ್ಲಿ ಕುಲುಕಿಸಿಕೊಂಡು ಹೋದಿರೆಂದು ಕೇಳಿ ನನ್ನ ಮೊಣಕಾಲೇ ನೋಯಿತು. ನಾದಿನಿ ಪದ್ಮಾ ಹೇಗಿದ್ದಾಳೆ? ಕೂಸು ಯಾರ ಹಾಗಿದೆ? ತಿಂಗಳು ಮುಂಚೆ ಹುಟ್ಟಿ ನಮ್ಮೆಲ್ಲರನ್ನೂ ಹೆದರಿಸಿದ ಆ ಪುಟ್ಟ ಅವಸರಗೇಡಿಗೆ ಈ ಮಾಮಿಯ ಮುತ್ತು ಕೊಡಿ. ಪದ್ಮಾಳನ್ನು ತವರಿಗೆ ಕರೆತರುವ ಮೊದಲೇ ಹೆರಿಗೆಯಾಗಿ ನೀವೇ ಓಡಬೇಕಾಯಿತು. ಬಾಣಂತಿಯ ಆರೈಕೆಯಲ್ಲಿ ನಿಮ್ಮ ಊಟ ಮರೆಯಬೇಡಿ.

ಇಲ್ಲಿ ಎಲ್ಲರೂ ಕ್ಷೇಮ. ಮಾವನವರು ಪೇಪರು ಓದುತ್ತಾರೆ, ಅಜ್ಜಿ ನನ್ನನ್ನು ಓದುತ್ತಾರೆ. ಮದುವೆಯಲ್ಲಿ ನೀವೆಲ್ಲ ಇಟ್ಟ ಹೊಸ ಹೆಸರಿಗೆ ನಾನು ಇನ್ನೂ ಎರಡನೇ ಸಲಕ್ಕೇ ‘ಓ’ ಅನ್ನುವುದು. ‘ಹುಡುಗಿಗಿ ಕಿವಿ ಮಂದ ಅದನೋ ಏನೋ, ನೋಡಿ ಮಾಡ್ಕೊಂಡೀರಿಲ್ಲೋ?’ ಎಂದು ಅಜ್ಜಿ ಮೊನ್ನೆ ಇವರನ್ನು ಕೇಳಿದರು. ಅಡುಗೆಮನೆಯ ಹಿಂದಿನ ನಿಮ್ಮ ನೆಲಮನೆಯ ಬೀಗದ ಕೈ ಅಜ್ಜಿಯ ಸೆರಗಿನ ತುದಿಯಲ್ಲೇ ಇದೆ. ಉಪ್ಪಿನಕಾಯಿ ಜಾಡಿಗಳನ್ನು ಅವರೇ ಮಡಿಯಲ್ಲಿ ಇಳಿದು ನೋಡಿ ಬರುತ್ತಾರೆ. ಹೊಸ ಸೊಸೆ ಮುಟ್ಟಬಾರದೆಂದು ನೀವು ಹೇಳಿ ಹೋದದ್ದು ನೆನಪಿದೆ. ನಾನು ಬಾಗಿಲ ಸಂದಿಯಿಂದ ಬರುವ ತಂಪು ಗಾಳಿಯನ್ನಷ್ಟೇ ಮುಟ್ಟಿದ್ದೇನೆ.

ಆ ತಂಪು ಗಾಳಿಯ ಬಗ್ಗೆಯೇ ಈ ಪತ್ರ. ಅತ್ತೆ, ನಿಮ್ಮ ನೆಲಮನೆಯಲ್ಲಿ ಸಿನಿಮಾ ಡಬ್ಬಿಗಳನ್ನು ಇಡಬಹುದೇ? ಕೂಡಲೇ ಬೇಡ ಎನ್ನಬೇಡಿ, ಪೂರ್ತಿ ಓದಿ.

ಹೋದ ವಾರ ಇವರು ಕೆಲಸ ಮಾಡುವ ಶಹಾಬಾದಿಗೆ ನನ್ನನ್ನೂ ಕರೆದುಕೊಂಡು ಹೋಗಿದ್ದರು. ಫ್ಯಾಕ್ಟರಿಯ ಸಾಹೇಬರ ಕ್ಲಬ್ಬನ್ನು ಖಾಲಿ ಮಾಡುತ್ತಿದ್ದಾರೆ. ಅಲ್ಲಿ ಸಿನಿಮಾ ಮಷೀನು ಓಡಿಸುವ ಶೌಕತ ಅಲಿ ಎಂಬವರು ಕತ್ತಲೆ ಕೋಣೆಯೊಂದರಿಂದ ತಗಡಿನ ಡಬ್ಬಿಗಳನ್ನು ಹೊರಗೆ ಒಟ್ಟುತ್ತಿದ್ದರು. ಹಿಂದೆ ಇದ್ದ ದೊಡ್ಡ ಸಾಹೇಬರೊಬ್ಬರಿಗೆ ಅಮೆರಿಕದ ಜಾಜ್ ಸಂಗೀತದ ಹುಚ್ಚಂತೆ. ಹದಿನೈದು ವರ್ಷದ ಹಿಂದೆಯೇ ಬೊಂಬಾಯಿಯಿಂದ ಅದರ ಹಾಡು-ಕುಣಿತದ ಚಿಕ್ಕ ಚಿಕ್ಕ ಚಿತ್ರಗಳನ್ನು ತರಿಸಿದ್ದರು. ಅವರು ವಿಲಾಯತಿಗೆ ಹೋದರು, ಚಿತ್ರಗಳು ಇಲ್ಲೇ ಉಳಿದವು. ನಾನು ಬಾಗಿಲಲ್ಲಿ ಇಣುಕಿ ಇಣುಕಿ ನೋಡುವುದನ್ನು ಕಂಡು ಶೌಕತ ಅಲಿಯವರಿಗೆ ಕರುಣೆ ಬಂತು. ‘ಬಾಯಿಸಾಬ್, ಮಷೀನ್ ಇನ್ನಾ ಬಿಚ್ಚಿಲ್ರಿ. ಒಂದ್ ರೀಲ್ ಹಾಕ್ಲೇನು? ಆಮ್ಯಾಲ ನೋಡ್ತೀನಂದ್ರೂ ಇರಂಗಿಲ್ಲ’ ಎಂದರು.

ಅತ್ತೆ, ಹೇಗೆ ಹೇಳಲಿ! ಮೊದಲು ಗೋಡೆಯ ಮೇಲೆ ಹೆಸರುಗಳು ಬಂದವು, ಓದುವಷ್ಟರಲ್ಲಿ ಓಡಿಹೋದವು. ಆಮೇಲೆ ಒಬ್ಬ ಕರಿಯ ಅಮೆರಿಕನ್, ಕೋಟು ಟೋಪಿ ಹಾಕಿದವನು, ಮೆಟ್ಟಿಲುಗಳ ಮೇಲಿಂದ ಕುಣಿಯುತ್ತಾ ಇಳಿದು ಬಂದ. ಗೆಜ್ಜೆ ಇಲ್ಲ, ಬೂಟಿನ ತಳಕ್ಕೆ ಕಬ್ಬಿಣದ ತಗಡು. ಅವನ ಕಾಲೇ ತಬಲಾ! ಹಿಂದೆ ತುತ್ತೂರಿಯವರು, ಪಿಯಾನೋದವನು, ದಪ್ಪ ತಂತಿವಾದ್ಯವನ್ನು ಅಪ್ಪಿಕೊಂಡು ನಿಂತವನೊಬ್ಬ. ವಾಡಿಯಲ್ಲಿ ಗಾಡಿ ಹಳಿ ಬದಲಿಸುವಾಗ ಗಾಲಿಗಳು ಒಂದರ ಮೇಲೊಂದು ತಪ್ಪಿ ಬೀಳುವ ಹಾಗೆ ಸದ್ದು ಬರುತ್ತದಲ್ಲ, ಹಾಗೆ ತಾಳ ತಪ್ಪಿತು ಅಂದುಕೊಳ್ಳುವಷ್ಟರಲ್ಲಿ ಸರಿಯಾಗಿ ಸಮ್‌ಗೆ, ತಾಳದ ಮೊದಲ ಪೆಟ್ಟಿಗೆ, ಬಂದು ಕೂರುತ್ತದೆ. ಆಮೇಲೆ ಒಬ್ಬಳು ಹೆಂಗಸು ಬಂದಳು. ಅವನು ಕಾಲಿನಲ್ಲಿ ಕೇಳುತ್ತಾನೆ, ಅವಳು ಕಾಲಿನಲ್ಲಿ ಉತ್ತರ ಕೊಡುತ್ತಾಳೆ. ಜಗಳ ಅನ್ನಿ, ಗಂಡಹೆಂಡಿರ ಜಗಳದಂತಹ ಜಗಳ! ಕೊನೆಗೆ ಅವಳೇ ಗೆದ್ದಳು. ಗೆದ್ದು ಎಷ್ಟು ಚಂದ ನಕ್ಕಳೆಂದರೆ ನಾನು ಚಪ್ಪಾಳೆ ಹೊಡೆದುಬಿಟ್ಟೆ, ಇವರು ನನ್ನ ಕೈ ಹಿಡಿದು ಕೆಳಗಿಳಿಸಿದರು. ಯಾರು ಅವಳು? ಯಾವ ಊರಿನವಳು? ಕುಣಿಯಲು ಅವಳ ಅತ್ತೆ ಒಪ್ಪಿದ್ದರೇ? ಶೌಕತ ಅಲಿಯವರಿಗೂ ಗೊತ್ತಿಲ್ಲ. ‘ಹೆಸರು ರೀಲಿನ ಮುಂದಿನ ತುದ್ಯಾಗ ಅದಾವ್ರಿ. ಬೆಳಕಿಗಿ ಹಿಡದ್ರ ಓದ್ಲಿಕ್ಕ ಬರ್ತದ’ ಎಂದರು.

ಅಷ್ಟರಲ್ಲಿ ಗುಲಾಮ ದಸ್ತಗೀರ ಎಂಬ ಬಳೆ ವ್ಯಾಪಾರಿ ಗಾಡಿ ತಂದ. ಈ ಫಿಲಂ ಪಟ್ಟಿಗಳನ್ನು ತೊಳೆದು, ಚಿತ್ರ ಕಿತ್ತು, ಕರಗಿಸಿ ಬಳೆ, ಬಾಚಣಿಕೆ ಮಾಡುತ್ತಾರಂತೆ! ನಾನು ನನ್ನ ಕೈ ನೋಡಿಕೊಂಡೆ. ಗಾಜಿನ ಬಳೆಗಳ ಮಧ್ಯೆ ಸಿಂಗಾರಕ್ಕೆ ಹಾಕಿಕೊಂಡ ಆ ಕೆಂಪು ಬಳೆ ಇದೆಯಲ್ಲ, ಅದರೊಳಗೆ ಯಾರ ಹಾಡು ಕರಗಿದೆಯೋ! ಇದನ್ನು ಕೊಲ್ಲಬೇಡಿ ಎಂದೆ. ಆತ ನಕ್ಕ: ‘ಇವ್ರು ಕುಣಿಯೋದು ಈ ಕತ್ತಲಿ ಖೋಲ್ಯಾಗರೀ ಬಾಯಿ. ನನ್ ಬಳಿ ಹಾಕ್ಕೊಂಡೋರು ನಾಳಿ ಮದಿವ್ಯಾಗ ಕುಣೀತಾರ. ಯಾವ್ದು ಛಲೋ?’ ಆದರೆ ನಿಮ್ಮ ಮಗ ನಿಮ್ಮ ಮಗನೇ! ಸೀದಾ ಕ್ಲಬ್ಬಿನ ಸೆಕ್ರೆಟರಿಯ ಬಳಿ ಹೋಗಿ ಜಾಜ್ ಡಬ್ಬಿಗಳನ್ನಷ್ಟೇ ಕೇಳಿ ಪಡೆದರು. ದಸ್ತಗೀರ ಮಾತ್ರ, ‘ನಿಮ್ ಮನ್ಯಾಗ ಇವು ಬಾಳಂಗಿಲ್ರಿ. ಯುಗಾದಿ ಆದ ಮ್ಯಾಲ ಚಿತ್ತಾಪುರ ಸಂತಿಗಿ ಬರ್ತೀನಿ, ಸಾಕಾಗಿದ್ರ ಕೊಡ್ರಿ’ ಎಂದು ಹೇಳಿಯೇ ಹೋದ.

ರೈಲಿನಲ್ಲಿ ನಡೆದದ್ದನ್ನು ನಾನೇ ಮೊದಲು ಹೇಳಿಬಿಡುತ್ತೇನೆ. ಡಬ್ಬಿಗಳನ್ನು ನನ್ನ ಶಾಲಿನಲ್ಲಿ ಸುತ್ತಿ ಮಡಿಲಲ್ಲಿ ಇಟ್ಟುಕೊಂಡಿದ್ದೆ. ಈ ಫಿಲಮ್ಮಿಗೆ ಬೆಂಕಿಯ ಕಿಡಿ ಸೋಕಬಾರದು. ವಾಡಿಯಲ್ಲಿ ಗಾಡಿ ಬದಲಿಸಿ ಕೂತರೆ ಎದುರಿಗೇ ನಾಲವಾರದ ರೇವಣಪ್ಪನವರು, ಬೀಡಿ ಬಾಯಲ್ಲಿ, ಕಡ್ಡಿ ಗೀರಲು ಕೈಯೆತ್ತಿದ್ದಾರೆ! ಇವರು ಗಾಬರಿಯಲ್ಲಿ, ‘ಕಾಕಾ, ಬ್ಯಾಡ್ರಿ! ಈಕಿಗಿ ಹೊಗಿ ಆಗಂಗಿಲ್ರಿ... ದಿನಾ ಹೋಗ್ಯಾವ’ ಎಂದುಬಿಟ್ಟರು. ರೇವಣಪ್ಪನವರು ಬೀಡಿ ಕಿಟಕಿಯಾಚೆ ಎಸೆದು ಚಿತ್ತಾಪುರದ ತನಕ ನನಗೆ ಹುಣಸೆಹಣ್ಣು ಕೊಡುತ್ತಾ ಬಂದರು. ಆದ್ದರಿಂದ ಯಾರಾದರೂ ನಿಮಗೆ ಸಿಹಿಸುದ್ದಿ ಎಂದು ಹೇಳಿದರೆ ದಯವಿಟ್ಟು ನಂಬಬೇಡಿ. ಮಡಿಲಲ್ಲಿದ್ದದ್ದು ಡಬ್ಬಿ.

ಈಗ ಕಷ್ಟಕ್ಕೆ ಬಂದೆ. ಬಿಸಿಲು ಏರುತ್ತಿದೆ. ‘ಸೆಖಿಗಿ ಇವು ಮೊದಲ ಅಂಟಾಗ್ತಾವ, ಆಮ್ಯಾಲ ಪುಡಿ ಆಗ್ತಾವ. ಭಾಳ ಕಾದ್ರ ತಾವೇ ಹತ್ತಿ ಉರೀತಾವ. ತಂಪು ಬೇಕು, ಕತ್ತಲಿ ಬೇಕು, ದೀಪ ಹತ್ರ ಬರಬಾರ್ದು’ ಎಂದು ಶೌಕತ ಅಲಿಯವರು ಹೇಳಿ ಕಳಿಸಿದ್ದಾರೆ. ಶಹಾಬಾದಿನ ಇವರ ಕೋಣೆಗೆ ತಗಡಿನ ಸೂರು. ಇಲ್ಲಿ ಪಡಸಾಲೆಯಲ್ಲಿ ಸುತ್ತಲೂ ಒದ್ದೆ ಗೋಣಿ ಕಟ್ಟಿ ಇಟ್ಟಿದ್ದೇನೆ, ಆದರೆ ಗೋಣಿ ನೋಡನೋಡುತ್ತ ಒಣಗುತ್ತದೆ. ಇಡೀ ಮನೆಯಲ್ಲಿ ಮೇ ತಿಂಗಳಲ್ಲೂ ತಂಪಾಗಿರುವುದು ಸುತ್ತಲೂ ಫರಸಿಕಲ್ಲು ಹಾಕಿದ ನಿಮ್ಮ ನೆಲಮನೆ ಒಂದೇ. ಆದರೆ ಅಲ್ಲಿಗೆ ಚಿಮಣಿ ದೀಪ ಹಿಡಿದೇ ಇಳಿಯಬೇಕು. ಅಂದರೆ ಡಬ್ಬಿ ಒಳಗೆ ಹೋದರೆ ನಿಮ್ಮ ಜಾಡಿಗಳೆಲ್ಲ ಮೇಲೆ ಬರಬೇಕು. ಮಾವನವರನ್ನು ಕೇಳಿದೆ. ‘ಅದು ನಿಮ್ಮತ್ತಿ ರಾಜ್ಯ. ಅಲ್ಲಿ ನನ್ನ ಹುಕುಂ ನಡ್ಯಂಗಿಲ್ಲ’ ಎಂದು ಪೇಪರಿನ ಹಿಂದೆ ಮರೆಯಾದರು.

ದೀಪದ ಮಾತು ಎಷ್ಟು ನಿಜವೆಂಬುದು ನಿನ್ನೆ ದ್ವಾದಶಿಯ ಬೆಳಿಗ್ಗೆ ತಿಳಿಯಿತು. ಈ ಫಿಲಮ್ಮಿಗೆ ಕರ್ಪೂರ ಹಾಕಿರುತ್ತಾರೆ, ಡಬ್ಬಿ ತೆರೆದರೆ ಘಮ್ಮೆನ್ನುತ್ತದೆ. ಹೆಸರು ಓದೋಣವೆಂದು ಆ ರೀಲಿನ ಮುಚ್ಚಳ ತೆರೆದು ಇಟ್ಟಿದ್ದೆ. ಹಾಲು ಉಕ್ಕಿತೆಂದು ಒಳಗೆ ಓಡಿದೆ. ಯುದ್ಧ ಶುರುವಾದಾಗಿನಿಂದ ಅಂಗಡಿಗಳಲ್ಲಿ ಕರ್ಪೂರ ಕಂಡವರಿಲ್ಲ, ಅಜ್ಜಿ ತುಪ್ಪದ ಬತ್ತಿಯಲ್ಲೇ ಆರತಿ ಮಾಡುತ್ತಾ ಹಳಹಳಿಸುತ್ತಿದ್ದದ್ದು ನಿಮಗೆ ಗೊತ್ತು. ಮಡಿಯುಟ್ಟು ಬಂದವರಿಗೆ ಆ ವಾಸನೆ ಬಡಿದಿದೆ. ಕಣ್ಣು ಸರಿಯಾಗಿ ಕಾಣದಿದ್ದರೂ ಮೂಗು ಕಾಣುತ್ತದಲ್ಲ! ಇದು ಯಾವುದೋ ಹೊಸ ನಮೂನೆಯ ಪಟ್ಟಿಕರ್ಪೂರವೆಂದುಕೊಂಡು ಅಡಕೊತ್ತಿನಿಂದ ಕತ್ತರಿಸಿ, ತಟ್ಟೆಯಲ್ಲಿಟ್ಟು, ತುಳಸಿಯ ಮುಂದೆ ಹಚ್ಚಿಬಿಟ್ಟರು. ನಾನು ಬಂದಾಗ ಬುಸ್ ಎಂದು ಜ್ವಾಲೆ ಅಜ್ಜಿಯ ತಲೆಗಿಂತ ಮೇಲೆದ್ದಿತು! ತಟ್ಟೆ ಅಂಗಳಕ್ಕೆ ಹಾರಿತು. ನೀರು ಸುರಿದೆ, ನೀರಿನಲ್ಲೂ ಉರಿಯಿತು. ದೇವರ ದಯೆ, ಅಜ್ಜಿಗೆ ಏನೂ ಆಗಲಿಲ್ಲ. ತುಳಸಿಯ ಕೆಲವು ಎಲೆ ಬಾಡಿವೆ, ಅಷ್ಟೆ. ನಾನು ಅವರ ಸೀರೆಗೆ ಕಿಡಿ ತಾಗಿದೆಯೇ ಎಂದು ನೋಡುತ್ತಿದ್ದರೆ ಅವರು, ‘ಎಂಥಾ ಆರತಿ ಆತ ನೋಡವ್ವಾ! ಐವತ್ತು ವರ್ಷದಾಗ ದೇವರು ಹೀಂಗ ಎದ್ದು ಬಂದಿರ್ಲಿಲ್ಲ. ಇನ್ನೊಂದ್ ತುಣುಕ ಕೊಡು’ ಅನ್ನುತ್ತಿದ್ದರು!

ಕತ್ತರಿಸಿದ್ದು ರೀಲಿನ ಮುಂದಿನ ತುದಿ. ಹೆಸರುಗಳಿದ್ದ ತುದಿ. ಆ ನಕ್ಕವಳ ಹೆಸರು ಇನ್ನು ನನಗೆ ಗೊತ್ತಾಗುವುದಿಲ್ಲ. ನಾನು ತುಳಸಿಕಟ್ಟೆಯ ಹತ್ತಿರ ಕೂತು ಚಿಕ್ಕ ಹುಡುಗಿಯ ಹಾಗೆ ಅತ್ತುಬಿಟ್ಟೆ. ಅಜ್ಜಿ ಕಾರಣ ಕೇಳಿದರು, ಹೇಳಿದೆ. ‘ಅಳಬ್ಯಾಡ. ಹೆಸರು ದೇವರಿಗಿ ಮುಟ್ಯಾವ. ಉಳಿದ ಕುಣಿತ ನೀ ಕಾಯಿ’ ಎಂದು ತಲೆ ಸವರಿದರು. ಅತ್ತೆ, ನನಗೆ ಬೇಕಾದದ್ದು ಅಷ್ಟೇ. ಅವರ ದೇಶದಲ್ಲಿ ಇದರ ಇನ್ನೊಂದು ಪ್ರತಿ ಇದೆಯೋ ಇಲ್ಲವೋ. ಎಲ್ಲ ಊರಿನಲ್ಲೂ ಬಳೆಯವರು ಇರುತ್ತಾರಲ್ಲ! ಮುಂದೊಂದು ದಿನ ಯಾರಾದರೂ ಹುಡುಕಿಕೊಂಡು ಬಂದರೆ, ಚಿತ್ತಾಪುರದಲ್ಲಿ ನಮ್ಮತ್ತೆ ಲಕ್ಷ್ಮೀಬಾಯಿಯವರ ನೆಲಮನೆಯಲ್ಲಿ ಇವರೆಲ್ಲ ಕ್ಷೇಮವಾಗಿದ್ದಾರೆ ಎಂದು ಹೇಳುವ ಆಸೆ. ಜಾಡಿಗಳನ್ನು ಅಜ್ಜಿಯೇ ಮಡಿಯಲ್ಲಿ ಮೇಲೆ ತರುತ್ತಾರಂತೆ, ನಾನು ನೋಡುತ್ತಾ ನಿಲ್ಲುತ್ತೇನೆ, ಒಂದನ್ನೂ ಮುಟ್ಟುವುದಿಲ್ಲ. ಆಮೇಲೆ ಡಬ್ಬಿಗಳನ್ನು ದೀಪವಿಲ್ಲದೆ, ಕತ್ತಲಲ್ಲೇ ಇಳಿದು ಕೈಯಿಂದ ತಡವಿ ನೋಡಿ ಬರುತ್ತೇನೆ.

ಪದ್ಮಾಳಿಗೆ ಅಕ್ಕರೆ, ಕೂಸಿನ ಪಾದಕ್ಕೆ ನನ್ನ ಕಣ್ಣು, ನಿಮ್ಮ ಪಾದಕ್ಕೆ ನನ್ನ ಹಣೆ. ಇವರೂ ನಮಸ್ಕಾರ ಬರೆಯಲು ಹೇಳುತ್ತಿದ್ದಾರೆ. ಸ್ವಂತ ಕೈಯಿಂದ ಬರೆಯಲು ಸೋಮಾರಿತನ.

ನಿಮ್ಮ ಸೊಸೆ,
ಅನಸೂಯಾ

ತಾ.ಕ.: ಟಪಾಲಿನ ಅಂಬರಾಯ ಬಾಗಿಲಲ್ಲಿ ನಿಂತು ‘ಲಗೂ ಕೊಡ್ರೆವ್ವಾ’ ಎನ್ನುತ್ತಿದ್ದಾನೆ. ಬರೆಯಲೇಬೇಕಾದದ್ದನ್ನು ಇನ್ನೂ ಬರೆದಿಲ್ಲ. ಫಿಲಮ್ಮಿನ ಮೇಲೆ ಚಿತ್ರ ಹಿಡಿದಿಡುವ ಹೊಳಪಿನ ಲೇಪ ಇರುತ್ತದಲ್ಲ, ಅದು ದನದ ಮೂಳೆ ಚರ್ಮ ಕುದಿಸಿ ಮಾಡಿದ ಅಂಟು. ಶಾಲೆಯ ಕೆಮಿಸ್ಟ್ರಿಯಲ್ಲಿ ಓದಿದ್ದೆ, ನಿನ್ನೆ ರಾತ್ರಿ ನೆನಪಾಯಿತು. ಅದನ್ನೇ ಅಜ್ಜಿ ಮಡಿಯಲ್ಲಿ ತುಳಸಿಗೆ ಬೆಳಗಿದ್ದಾರೆ. ಅವರಿಗೆ ಹೇಳಿಲ್ಲ, ಹೇಗೆ ಹೇಳಬೇಕೆಂದು ನೀವೇ ತಿಳಿಸಿ. ನಿಮ್ಮ ಮಡಿಯ ಕೋಣೆಗೆ ಇದು ಸಲ್ಲದು ಅಂದರೆ, ಸಂತೆಯ ದಿನ ಡಬ್ಬಿಗಳನ್ನು ನಾನೇ ದಸ್ತಗೀರನ ಗಾಡಿಗೆ ಏರಿಸುತ್ತೇನೆ, ನಿಮ್ಮ ಮೇಲೆ ಸಿಟ್ಟು ಮಾಡುವುದಿಲ್ಲ. ಇವರು, ‘ಇದೊಂದು ಬರೀಬ್ಯಾಡ, ಅವ್ವಗ ಎಂದೂ ಗೊತ್ತಾಗಂಗಿಲ್ಲ’ ಎಂದರು. ನಿಮಗೆ ಎಂದೂ ಗೊತ್ತಾಗುವುದಿಲ್ಲ ಎಂಬುದು ನನಗೂ ಗೊತ್ತು, ಅತ್ತೆ. ಅದಕ್ಕೇ ಬರೆದೆ.