ನಿಧನದ ಪುಟ

ಜೂನ್ 3, ಬೆಳಿಗ್ಗೆ

ಅಮ್ಮ ಪೇಪರ್ ಕೇಳ್ತಿದ್ದಾರೆ. ಮೊದಲು ನಿಧನ ವಾರ್ತೆ, ಆಮೇಲೆ ಉಳಿದ ಲೋಕ. ಕಣ್ಣು ಮಂಜಾದ ಮೇಲೂ ಈ ಕ್ರಮ ತಪ್ಪಿಲ್ಲ. ಓದುವುದು ಕಂಪ್ಯೂಟರ್. ಪ್ರೋಗ್ರಾಂ ಉಜಿರೆಯ ಗ್ರೀಷ್ಮಾಳದ್ದು, ನಮ್ಮ ಫ್ರೀ ಸಾಫ್ಟ್‌ವೇರ್ ಗುಂಪಿನವಳು. ನಿನ್ನೆ ಹೊಸ ವರ್ಷನ್ ಹಾಕಿದೆ. ಜೊತೆಗೆ ಇನ್ನೇನೋ ಇಳೀತು… ನೋಡಬೇಕು.

ಸಂಜೆ

ನೋಡಿದೆ. ಇಡೀ ಪ್ರೋಗ್ರಾಂ ಈಗ ಒಂದು ದೊಡ್ಡ ಕಂಪನಿ ಪುಕ್ಕಟೆ ಹಂಚುವ ಫ್ರೇಮ್‌ವರ್ಕ್, ಅಂದರೆ ಸಿದ್ಧ ಕೋಡಿನ ಚೌಕಟ್ಟಿನ ಮೇಲೆ ನಿಂತಿದೆ! ಗ್ರೀಷ್ಮಾಳಿಗೆ ಫೋನ್ ಮಾಡಿದೆ.

"ಸೋರ್ಸ್ ಕೋಡ್ ಎಲ್ಲ ಓಪನ್ ಉಂಟಲ್ಲ ಶಶಿಯಣ್ಣ. ನೀವೇ ಓದಿ ನೋಡಿ."

"ಇವತ್ತು ಓಪನ್. ನಾಳೆ?"

"ನಾಳೆ ಮುಚ್ಚಿದ್ರೂ ಇವತ್ತಿನದ್ದು ನಮ್ಮ ಹತ್ರ ಇರ್ತದಲ್ಲ ಮಾರಾಯ್ರೆ!"

ಬಾಯಿಪಾಠ ಒಪ್ಪಿಸಿದ ಹಾಗೆ. ಯಾರು ಹೇಳಿಕೊಟ್ಟರೋ. ಅಂಥ ಕಂಪನಿ ಏನನ್ನೂ ಮುಚ್ಚಿಡದೆ ಪುಕ್ಕಟೆ ಕೊಡುವುದುಂಟಾ? ಪ್ರೋಗ್ರಾಂ, ಫ್ರೇಮ್‌ವರ್ಕ್ ಎರಡನ್ನೂ ಕಿತ್ತು ಹಾಕಿದೆ. ನಾಳೆಯಿಂದ ನಾನೇ ಓದ್ತೇನೆ.

ಜೂನ್ 4

ಓದಿದೆ. ನಿಧನದ ಪುಟದಲ್ಲಿ ಶಿರ್ತಾಡಿಯ ಸ್ವರ್ಣಲತಾ ಟೀಚರ್. ಅಮ್ಮನ ಜೊತೆ ಒಂದೇ ಶಾಲೆಯಲ್ಲಿ ಕಲಿಸಿದವರು, ಜೀವದ ಗೆಳತಿ. ಅಮ್ಮನ ಬಿಪಿ ಮೊದಲೇ ಹೆಚ್ಚು… ಆ ಹೆಸರು ಹಾರಿಸಿದೆ. ನಿಧಾನಕ್ಕೆ ಹೇಳುವ.

ಜೂನ್ 9

ಹೇಳಲಿಲ್ಲ. ಗುಂಪಿಗೆ ಉದ್ದದ ಮೈಲ್ ಬರೆದೆ. ಒಳಗೆ ಏನು ಬಿಟ್ಟಿದ್ದಾರೆ, ಏನು ಇಟ್ಟಿದ್ದಾರೆ ಅಂತ ತಿಳಿಯಲು ಬಿಡದವರನ್ನು ನಂಬಬಾರದು ಅಂತ. ಗ್ರೀಷ್ಮಾಳ ಉತ್ತರ ಇಲ್ಲ. ಅನುಮಾನ ಜಾಸ್ತಿಯಾಯ್ತು.

ಜೂನ್ 15

ರಿಕ್ಷಾದ ಶಂಭು ಗೇಟಿನಿಂದಲೇ ಕೇಳಿದ. "ಟೀಚರೇ, ಸ್ವರ್ಣಲತಾ ಟೀಚರ ಬೊಜ್ಜಕ್ಕೆ ಬರುದಿಲ್ವಾ? ಇವತ್ತಲ್ವಾ ಹದಿಮೂರನೇ ದಿನದ ಊಟ?"

ಅಮ್ಮ ಅಳಲಿಲ್ಲ. ಗೋಡೆ ಹಿಡಿದುಕೊಂಡು ಒಳಗೆ ಬಂದರು.

"ಪೇಪರಲ್ಲಿ ಬಂದಿತ್ತಾ?"

"ಬಂದಿತ್ತು… ಬಿಪಿ ಅಂತ ನಾನೇ…"

"ಮತ್ತೆ ಯಾರನ್ನೆಲ್ಲ ಬಿಟ್ಟಿದ್ದಿ?"

"ಯಾರನ್ನೂ ಇಲ್ಲಮ್ಮ."

"ಅದು ನನಗೆ ಹೇಗೆ ಗೊತ್ತಾಗುದು?"

ಇವತ್ತಿನ ಪೇಪರ್ ಕೈಗೆತ್ತಿಕೊಂಡೆ. ಅಮ್ಮ ತಡೆದರು.

"ಆ ಹುಡುಗಿಯದ್ದೇ ಹಾಕು."

ಹಾಕಿದೆ. ಕಂಪನಿ ಮೇಲಿನ ಅನುಮಾನ ಹೋಗಿಲ್ಲ, ಹೋಗುವುದೂ ಇಲ್ಲ. ಆದರೆ ಆ ಮೈಲ್ ಮತ್ತೆ ಓದಲಿಕ್ಕೆ ನಾಚಿಕೆಯಾಗ್ತದೆ.

ಜೂನ್ 16, ಬೆಳಿಗ್ಗೆ

ಇವತ್ತಿನ ಪೇಪರ್ ಬೇಡವಂತೆ. ನಾಲ್ಕನೇ ತಾರೀಕಿನದ್ದು ಹಾಕಿಸಿದರು. ಹೆಸರು, ವಯಸ್ಸು, ಮಕ್ಕಳು… ಯಂತ್ರ ಒಂದೇ ದನಿಯಲ್ಲಿ ಓದಿತು. "ಇನ್ನೊಮ್ಮೆ" ಅಂದರು. ಆಗ ಅತ್ತರು.

ಈಗ ಐದನೇ ತಾರೀಕಿನದ್ದು. ಆಮೇಲೆ ಆರು. ನಾನು ಓದಿದ ಅಷ್ಟೂ ದಿನದ್ದು ಬೇಕಂತೆ. ಬೇರೆ ಯಾರನ್ನೂ ಬಿಟ್ಟಿಲ್ಲ ಅಂತ ಮತ್ತೆ ಹೇಳಿದೆ. ಅಮ್ಮ ನನ್ನ ಕಡೆ ತಿರುಗಲಿಲ್ಲ. ಕುರ್ಚಿಯನ್ನು ಸ್ಪೀಕರಿನ ಹತ್ತಿರ ಎಳೆದುಕೊಂಡು ಕೂತರು.