ಸುಭಾಸ ಬಿದ್ದ ದಾರಿಯಲ್ಲಿ

ಮುದ್ದೇಬಿಹಾಳ
21 ಜನವರಿ 2025

ಪ್ರೀತಿಯ ಅವ್ವಗೆ,

ನಿನ್ನ ಮಗಳು ಕೋಮಲ ಮಾಡುವ ಜೈಭೀಮ. ನಾನು ಆರಾಮ ಇದ್ದೇನೆ. ಫೋನು ಇರುವಾಗ ಇವಳಿಗೇಕೆ ಕಾಗದ ಬರೆಯುವ ಚಾಳಿ ಎಂದು ಬೈಯಬೇಡ. ಈ ಮಾತು ಹೇಳಬೇಕೆಂದೇ ನಿನ್ನೆ ಫೋನು ಮಾಡಿದ್ದೆ. ನೀನು "ಉಂಡಿಯೇನವಾ?" ಎಂದು ಕೇಳುತ್ತಿದ್ದಂತೆ ಬಸ್ಸು ಬಂತು ಎಂದು ಹೇಳಿ ಇಟ್ಟುಬಿಟ್ಟೆ. ಅಪ್ಪ ಹೈಸ್ಕೂಲಿನ ಕೆಲಸ ಮುಗಿಸಿ ಬಂದು ಚಹಾ ಕುಡಿದ ಮೇಲೆ ಇದನ್ನು ನಿನಗೆ ಓದಿ ಹೇಳಲಿ. ಅಪ್ಪಾ, ಗಡಿಬಿಡಿ ಮಾಡದೆ ನಿಧಾನ ಓದು.

ಅವ್ವಾ, ಹೋದ ರವಿವಾರ ನಾನು ನಿನಗೆ ಹೇಳಿದ ಹಾಗೆ ಬಿ.ಎಡ್. ಗೆಳತಿಯರ ಜೊತೆ ಬಸವನ ಬಾಗೇವಾಡಿಗೆ ಹೋಗಿರಲಿಲ್ಲ. ಬಿಲಾಲಣ್ಣನ ಜೊತೆ ಘಟ್ಟದ ಕಾಡಿಗೆ ಹೋಗಿದ್ದೆ. ನಮ್ಮ ಸುಭಾಸಣ್ಣ ಬಿದ್ದ ದಾರಿಯಲ್ಲಿ, ಅವನದೇ ಸೈಕಲ್ ಹೊಡೆದು ಬಂದೆ. ನನ್ನ ರೂಮಿನ ಗೆಳತಿ ಸಾಕ್ಷಿಯೂ ಬಂದಿದ್ದಳು, ಕಾಡಿನ ಅಂಚಿನಲ್ಲಿ ಚೀಲ ಕಾಯುತ್ತ ಕೂತಿದ್ದಳು. ಈಗ ಬೈದುಬಿಡು.

"ಇನ್ನ ಸೈಕಲ್ ಮುಟ್ಟಿದ್ರ ನನ್ನ ಹೆಣಾ ನೋಡ್ತಿ" ಎಂದು ಅಣ್ಣ ತೀರಿಕೊಂಡಾಗ ನೀನು ಅಂದಿದ್ದು ನಾನು ಮರೆತಿಲ್ಲ. ಆ ಮಾತಿಗೇ ವಿಜಯಪುರದ ಕ್ರೀಡಾ ಹಾಸ್ಟೆಲ್ ಬಿಟ್ಟೆ, ಸೈಕಲ್ ರೇಸು ಬಿಟ್ಟೆ. ಕಾಲೇಜಿಗೆ ಹೋಗುವ ಹುಡುಗಿಯರು ಸೈಕಲ್ ಮೇಲೆ ಬಾಜೂ ಹಾದುಹೋದರೂ ಕಣ್ಣೆತ್ತಿ ನೋಡುತ್ತಿರಲಿಲ್ಲ. ಆದರೆ ಹೋದ ವಾರ ಬಿಲಾಲಣ್ಣ ಕಾಲೇಜಿನ ಗೇಟಿಗೆ ಬಂದು ನಿಂತಿದ್ದ. ಮೊದಲು ಗುರುತೇ ಸಿಗಲಿಲ್ಲ. ಹಾಸ್ಟೆಲಿನಲ್ಲಿ ಅಣ್ಣನ ಜೊತೆ ಒಂದೇ ತಾಟಿನಲ್ಲಿ ಉಣ್ಣುತ್ತಿದ್ದವನು, ತನ್ನೂರು ಹೊರ್ತಿಯಿಂದ ಬಂದರೆ ನೆಟ್ಟಗೆ ನಿನ್ನ ಒಲೆಯ ಮುಂದೆ ಕೂಡುತ್ತಿದ್ದವನು, ಈಗ ಗಲ್ಲ ಒಳಗೆ ಹೋಗಿ ಯಾರೋ ಬೇರೆಯವನಂತೆ ಕಂಡ. ಅವನೂ ರೇಸು ಬಿಟ್ಟಿದ್ದಾನೆ. ಸಿಂದಗಿಯಲ್ಲಿ ಟ್ರ್ಯಾಕ್ಟರಿನ ಸಾಮಾನು ಮಾರುವ ಅಂಗಡಿಯಲ್ಲಿ ಕೆಲಸಕ್ಕಿದ್ದಾನೆ.

"ಕೋಮಲಾ, ಮಣ್ಣ ಕೊಟ್ಟ ದಿನಾ ಕಾಕಿ ನನಗ ಒಂದ ಮಾತ ಕೇಳಿದ್ಲು. ನಾ ಬಾಯಿ ಬಿಡಲಿಲ್ಲ. ಆ ಜಾಗಾ ನಿನಗ ತೋರಿಸ್ತೇನಿ, ಬರ್ತಿಯೇನು?" ಎಂದ.

ನೀನು ಕೇಳಿದ್ದು ನನಗೂ ಕೇಳಿಸಿತ್ತು ಅವ್ವಾ. ಊರ ಮಂದಿಯ ಎದುರಿಗೆ ಅವನ ಅಂಗಿ ಹಿಡಿದು, "ನನ್ನ ಮಗಾ ಜೀವಾ ಬಿಡುವಾಗ ಒಬ್ಬನ ಇದ್ನೇನೋ? ನೀ ಬಾಜೂ ಇದ್ದಿಯೋ ಇಲ್ಲೋ?" ಎಂದೆ. ಅವನು ತಲೆ ತಗ್ಗಿಸಿಕೊಂಡು ಹೋದವನು ಎರಡು ವರ್ಷ ನಮ್ಮ ತಾಂಬಾದಲ್ಲಿ ಕಾಲಿಡಲಿಲ್ಲ. ಅಂದಿನಿಂದ ಹೊರ್ತಿಯ ಬಸ್ಸು ಕಂಡರೆ ನೀನು ಮುಖ ತಿರುಗಿಸುತ್ತೀ. ರೊಟ್ಟಿ ಬಡಿಯುತ್ತ ಬಡಿಯುತ್ತ ಕೈ ನಿಲ್ಲಿಸಿ ಅದೇ ಮಾತನ್ನು ಒಲೆಗೆ ಕೇಳುತ್ತೀ. ನಾನು ಹೋಗಿದ್ದು ಅದಕ್ಕೇ.

ಸುಭಾಸಣ್ಣನ ಸೈಕಲ್ಲನ್ನು ಬಿಲಾಲಣ್ಣ ತನ್ನ ಮನೆಯಲ್ಲೇ ಇಟ್ಟುಕೊಂಡಿದ್ದ. ಮುಂದಿನ ಗಾಲಿ ಹೊಸದು ಹಾಕಿಸಿದ್ದ. ಸೀಟು ನನಗೆ ಎತ್ತರವಾಯಿತು. ಇಳಿಸೆಂದರೆ ಅವನಿಗೆ ಕೈ ಬರಲಿಲ್ಲ. "ಅಂವಾ ಇಟ್ಕೊಂಡಿದ್ದ ಎತ್ತರ ಇದು" ಎಂದ. ಕೊನೆಗೆ ಪಾನಾ ಇಸಿದುಕೊಂಡು, ನಟ್ಟು ಸಡಿಲಿಸಿ ನಾನೇ ಇಳಿಸಿದೆ.

ನೀನು ಕಾಡು ನೋಡಿಲ್ಲ. ನಮ್ಮಲ್ಲಿ ಹೊಲದ ಬದುವಿಗೆ ಒಂದು ಬೇವಿನ ಗಿಡ ಇದ್ದರೆ ಸುತ್ತಲಿನವರೆಲ್ಲ ಬುತ್ತಿ ಬಿಚ್ಚಲು ಅಲ್ಲಿಗೇ ಬರುತ್ತಾರೆ. ಅಲ್ಲಿ ನೆರಳು ಮುಗಿಯುವುದೇ ಇಲ್ಲ. ತೇಗದ ಎಲೆ ನಮ್ಮ ತಾಟಿನಷ್ಟು ಅಗಲ. ಒಣಗಿ ದಾರಿ ತುಂಬ ಬಿದ್ದಿದ್ದವು, ಗಾಲಿಯ ಕೆಳಗೆ ಹಪ್ಪಳ ಮುರಿದ ಸಪ್ಪಳ. ದಾರಿ ಎಂದರೆ ಒಂದು ಸೈಕಲ್ ಹಿಡಿಸುವಷ್ಟೇ, ಬರೀ ಬೇರು, ಕಲ್ಲು, ಏರು, ಇಳುಕಲು. ಬಿಲಾಲಣ್ಣ ಮುಂದೆ ಹೋಗುತ್ತ, "ಬೇರ ಐತಿ, ಎಡಕ್ಕ ತಗೋ! ಬ್ರೇಕ್ ಒಮ್ಮಿಗೇ ಹಿಡೀಬ್ಯಾಡ!" ಎಂದು ಕೂಗುತ್ತಿದ್ದ. ಒಂದು ಇಳುಕಲಿನಲ್ಲಿ ಗಾಳಿ ಮುಖಕ್ಕೆ ಬಡಿದು, ಗಾಲಿ ನೆಲ ಬಿಟ್ಟು ಮತ್ತೆ ನೆಲ ಹಿಡಿದಾಗ, ನಾನು ಗಟ್ಟಿಯಾಗಿ ನಕ್ಕುಬಿಟ್ಟೆ. ಅಣ್ಣ ಹೋದ ಮೇಲೆ ಹಾಗೆ ನಕ್ಕಿದ್ದು ಅದೇ ಮೊದಲು. ನಾಚಿಕೆಯಾಗಿ ಸೈಕಲ್ ನಿಲ್ಲಿಸಿದೆ.

ಬಿಲಾಲಣ್ಣ ಹೊರಳಿ ನೋಡಿ, "ನಗು ತಂಗಿ. ಅಂವಾನೂ ಇಲ್ಲೇ ನಕ್ಕಿದ್ದ" ಎಂದ.

ಅಣ್ಣ ನಮ್ಮನ್ನು ಬಿಟ್ಟು ಹೋಗಬೇಕೆಂದು ಅಲ್ಲಿಗೆ ಹೋಗಿರಲಿಲ್ಲ ಅವ್ವಾ, ಖುಷಿಗೆ ಹೋಗಿದ್ದ. ನಿನಗೆ ಇದನ್ನು ಹೇಗೆ ತಿಳಿಸಲಿ? ನನಗೂ ಆ ಇಳುಕಲಿನಲ್ಲೇ ತಿಳಿಯಿತು.

ಮುಂದೆ ಒಂದು ಹಳ್ಳ ಬಂತು. ಹಳ್ಳದ ದಂಡೆಯ ತಿರುವಿನಲ್ಲಿ ಬಿಲಾಲಣ್ಣ ಇಳಿದು ಸೈಕಲ್ ನೆಲಕ್ಕೆ ಮಲಗಿಸಿದ. ಅದೇ ಜಾಗ. ಅಲ್ಲಿ ಏನೂ ಇಲ್ಲ. ಏನಾದರೂ ಗುರುತು ಇರುತ್ತದೆ ಎಂದುಕೊಂಡಿದ್ದೆ. ನೀರು ಹರಿಯುತ್ತಿತ್ತು, ಬಂಡೆಯ ಮೇಲೆ ಒಂದು ಹಕ್ಕಿ ಕೂತು ನೀರು ಕುಡಿಯುತ್ತಿತ್ತು, ಅಷ್ಟೇ. ನಾನು ನೆಲಕ್ಕೆ ಅಂಗೈ ಹಚ್ಚಿ ಕೂತೆ. ಬಿಲಾಲಣ್ಣ ಹೇಳಿದ.

ಹಸಿ ಕಲ್ಲಿನ ಮೇಲೆ ಗಾಲಿ ಜಾರಿತಂತೆ. ಬೀಳುವಾಗ ಹ್ಯಾಂಡಲ್ ಹೊಟ್ಟೆಗೆ ತಿವಿಯಿತು. ಅಣ್ಣ ತಾನೇ ಎದ್ದ, ಮಣ್ಣು ಝಾಡಿಸಿಕೊಂಡ, "ಏನೂ ಆಗಿಲ್ಲೋ" ಎಂದು ನಕ್ಕ. ಆಮೇಲೆ ಹೊಟ್ಟೆ ಹಿಡಿದುಕೊಂಡು ಕೂತುಬಿಟ್ಟ. ಒಳಗೇ ರಕ್ತ ಹೋಗುತ್ತಿತ್ತು.

ನಿನ್ನ ಮಾತಿಗೆ ಉತ್ತರ ಕೇಳು ಅವ್ವಾ. ಅಣ್ಣ ಒಬ್ಬನೇ ಇರಲಿಲ್ಲ. ಬಿಲಾಲಣ್ಣ ಅವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದ. ಅಣ್ಣ ನೀರು ಕೇಳಿದಾಗ ಕುಡಿಸಿದ. "ಅವ್ವಾ" ಎಂದು ಅಣ್ಣ ನಿನ್ನನ್ನು ಕರೆದ. ಬಹಳ ತ್ರಾಸಾಗಲಿಲ್ಲ. ನಿದ್ದೆ ಬಂದವರ ಹಾಗೆ ಕಣ್ಣು ಮುಚ್ಚಿದ. ಕೊನೆಯವರೆಗೂ ಬಿಲಾಲಣ್ಣ ಅವನ ಕೈ ಬಿಡಲಿಲ್ಲ. ಅಪ್ಪಾ, ಇದಿಷ್ಟನ್ನು ಅವ್ವಗೆ ಇನ್ನೊಮ್ಮೆ ಓದು.

ಬರುವ ರವಿವಾರ ಬಿಲಾಲಣ್ಣನನ್ನು ಕರೆದುಕೊಂಡು ಊರಿಗೆ ಬರುತ್ತೇನೆ. ಬಾಗಿಲು ಹಾಕಬೇಡ. ಬಿಸಿ ರೊಟ್ಟಿ, ಪುಂಡಿಪಲ್ಯ ಮಾಡು, ಮೊದಲಿನ ಹಾಗೆ ಒಲೆಯ ಮುಂದೆ ಕೂಡಿಸು. ಅವನು ಈಗ ಹೆಚ್ಚು ಮಾತಾಡುವುದಿಲ್ಲ. ಕೆದಕಿ ಕೆದಕಿ ಕೇಳಬೇಡ, ಕೇಳಬೇಕಾದ್ದೆಲ್ಲ ನಾನು ಕೇಳಿ ಬರೆದಿದ್ದೇನೆ. ಬಿಪಿ ಗುಳಿಗೆ ತಪ್ಪಿಸಬೇಡ.

ನಿನ್ನ ಮಗಳು,
ಕೋಮಲ

ತಾ.ಕ.: ಅಪ್ಪಾ, ಇದನ್ನು ಬೇರೆ ಹಾಳೆಯಲ್ಲಿ ಬರೆದಿದ್ದೇನೆ. ಅವ್ವಗೆ ಓದಬೇಡ.

ಅಣ್ಣ ಬಿದ್ದದ್ದು, ಎದ್ದು ನಕ್ಕಿದ್ದು ನಿಜ. ಉಳಿದದ್ದು ನಾನು ಕಟ್ಟಿದ್ದು. ಅಲ್ಲಿ ಫೋನಿಗೆ ರೇಂಜ್ ಇರಲಿಲ್ಲ. ಬಿಲಾಲಣ್ಣ ಹೊತ್ತುಕೊಂಡು ಬರಲು ನೋಡಿದ, ಎತ್ತಿದರೆ ಅಣ್ಣ ಚೀರಿದ. ಅದಕ್ಕೇ ಅವನನ್ನು ಅಲ್ಲೇ ಬಿಟ್ಟು ಅರಣ್ಯದವರ ಚೌಕಿಗೆ ಓಡಿದ. ಅಲ್ಲಿಯ ಕಾವಲುಗಾರ ಸುನೀಲಕುಮಾರನನ್ನು ಕರೆದುಕೊಂಡು ಬರುವಷ್ಟರಲ್ಲಿ ಮುಗಿದಿತ್ತು. ಅಣ್ಣ ತೆವಳಿಕೊಂಡು ಹೋಗಿ ಒಂದು ಮರಕ್ಕೆ ಒರಗಿ ಕೂತಿದ್ದನಂತೆ, ಇವರು ಬರುವ ದಾರಿಯ ಕಡೆಗೆ ಮುಖ ಮಾಡಿ. ಹೆಲ್ಮೆಟ್ ತೆಗೆದು ಪಕ್ಕಕ್ಕೆ ಇಟ್ಟಿದ್ದ.

"ಖರೇ ಹೇಳಿ ಕಾಕಿ ಕಾಲ ಹಿಡೀತೇನಿ" ಎಂದು ಬಿಲಾಲಣ್ಣನ ಹಟ. ಬೇಡ ಎಂದವಳು ನಾನು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಜಗಳಾಡಿದೆವು. ಕೊನೆಗೆ, "ಸುಳ್ಳ ಹೇಳಾಕ ನನಗ ಆಗೂದಿಲ್ಲ. ಕೇಳಿದ್ರ ಸುಮ್ಮ ಕೂಡ್ತೇನಿ" ಎಂದ. ಅವನು ಮತ್ತೆ ಸುಮ್ಮನೆ ಕೂತರೆ ಅವ್ವಗೆ ತಿಳಿದುಬಿಡುತ್ತದೆ. ಆಗ ನೀನು ಅವಳ ಬಾಜೂ ಇರು. ನಾನು ಮಾಡಿದ್ದು ಸರಿಯೋ ತಪ್ಪೋ ಗೊತ್ತಾಗುತ್ತಿಲ್ಲ ಅಪ್ಪಾ. ಒಬ್ಬಳೇ ಹೊರಲಾಗದೆ ನಿನ್ನ ಮೇಲೂ ಹಾಕಿದೆ.

ಬಿಲಾಲಣ್ಣನ ಮೇಲೆ ಸಿಟ್ಟು ಬಂದರೆ ಇದೊಂದನ್ನು ನೆನೆಸು. ಹೋಗಲೋ ಇರಲೋ ಎಂದು ಅವನು ಒದ್ದಾಡುತ್ತಿದ್ದಾಗ ಅಣ್ಣನೇ ಕಳಿಸಿದನಂತೆ. "ಹೋಗಿ ಬಾರಲೇ. ನಾ ಎಲ್ಲಿ ಹೋಗ್ತೇನಿ, ಇಲ್ಲೇ ಇರ್ತೇನಿ" ಅಂದನಂತೆ.